ಎರಡು ಗಡಿಗಳ ನಡುವೆ ಉಳಿದ ನೆಲ

ಹಳೆಯ ನಕ್ಷೆಯನ್ನು ಡಿಜಿಟೈಸರ್ ಹಲಗೆಯ ಮೇಲೆ ಹಾಸಿದ ಮೇಲೆ ಮೊದಲು ಮಾಡಬೇಕಾದದ್ದು ಅಂಗೈಯಿಂದ ಸವರುವ ಕೆಲಸ. ಕಾಗದದ ಕೆಳಗೆ ಒಂದು ಗಾಳಿಗುಳ್ಳೆ ಉಳಿದರೂ ಯಾವುದೋ ಊರು ಅರ್ಧ ಮೈಲಿ ಆಚೆ ಹೋಗಿ ಕೂರುತ್ತದೆ. ಸವರಿ ಆದಮೇಲೆ ಮೂಲೆಗಳಿಗೆ ಟೇಪು. ಆಮೇಲೆ, ಅಂದಿನಿಂದ ಇಂದಿನವರೆಗೆ ಜಾಗ ಬಿಟ್ಟು ಕದಲದ ಗುರುತುಗಳನ್ನು ಹುಡುಕಬೇಕು: ಎರಡು ನದಿಗಳು ಸೇರುವ ಕಡೆ, ಹಳೆಯ ಕೋರ್ಟಿನ ಕಟ್ಟಡ, ಬೆಟ್ಟದ ತುದಿ. ಒಂದೊಂದರ ಮೇಲೂ ಮೌಸಿನಂಥ ಸಾಧನವನ್ನಿಟ್ಟು ಒತ್ತಿ, ಇದರ ಅಕ್ಷಾಂಶ ಇಷ್ಟು, ರೇಖಾಂಶ ಇಷ್ಟು ಎಂದು ಕಂಪ್ಯೂಟರಿಗೆ ಹೇಳಿಕೊಡಬೇಕು. ಅಲ್ಲಿಂದ ಮುಂದೆ ಅದರ ಪಾಲಿಗೆ ಆ ಕಾಗದವೇ ಭೂಮಿ.

ಇದನ್ನು ನನಗೆ ಯಾರೂ ಕಲಿಸಿದ್ದಲ್ಲ. ಫಾಸ್ಟರ್ ಸಿಟಿಯ ಆ ಕಂಪನಿಗೆ ನಾನು ಸೇರಿದ್ದು ವೆಬ್‌ಸೈಟಿನಲ್ಲಿ ತಪ್ಪು ಹುಡುಕುವ ಟೆಸ್ಟರ್ ಆಗಿ. ಮೂಲೆಯಲ್ಲಿ ಈ ಹಲಗೆ ಬಟ್ಟೆ ಹೊದ್ದು ನಿಂತಿತ್ತು. ಅದನ್ನು ಬಳಸುತ್ತಿದ್ದವನನ್ನು ಲೇಆಫಿನ ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿದ್ದರು. ಊಟದ ಬಿಡುವಿನಲ್ಲಿ ಕೈಪಿಡಿ ಓದಿ, ಬೇಡದ ನಕ್ಷೆಗಳ ಮೇಲೆ ಕೈ ಪಳಗಿಸಿಕೊಂಡು, ಒಂದು ದಿನ ನಮ್ಮ ಟೀಮ್ ಲೀಡಿನ ಮುಂದೆ ನಿಂತು ಈ ಕೆಲಸ ನನಗೆ ಕೊಡಿ ಎಂದೆ. ಅವರು ಮೈಸೂರಿನವರು. ಕನ್ನಡಕದ ಮೇಲಿಂದ ನೋಡಿದರು.

"ಟೆಸ್ಟಿಂಗ್ ಬಿಟ್ಟು ಶಾನುಭೋಗಿಕೆ ಮಾಡ್ತೀಯಾ?"

"ಎರಡೂ ಮಾಡ್ತೀನಿ ಸರ್."

"ಮಾಡು ಮಾಡು. ಈಗ ಇಲ್ಲಿ ಎಲ್ಲರೂ ಮೂರ್ಮೂರು ಜನದ ಕೆಲಸ ಮಾಡ್ತಿದೀವಿ, ಶಾನುಭೋಗ್ರೊಬ್ರು ಕಮ್ಮಿ ಇದ್ರು."

ವೆಬ್‌ಸೈಟಿನ ಕೆಲಸ ಸರಳ. ನಿಮ್ಮ ಪೂರ್ವಜರು ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಇದ್ದರು ಎಂದು ಒತ್ತಿದರೆ, ಅವರ ಕಾಗದಪತ್ರ ಇವತ್ತು ಯಾವ ಕೋರ್ಟಿನಲ್ಲಿದೆ ಎಂದು ಅದು ಹೇಳಬೇಕು. ಅಮೆರಿಕದಲ್ಲಿ ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು. ಮದುವೆ, ಉಯಿಲು, ಜಮೀನಿನ ಕ್ರಯ ಎಲ್ಲ ಕೌಂಟಿ ಕೋರ್ಟಿನಲ್ಲಿ ದಾಖಲಾಗುತ್ತದೆ. ತೊಡಕು ಏನೆಂದರೆ, ಬ್ರಿಟಿಷರ ಕಾಲದ ಕೌಂಟಿಗಳು ಒಂದೊಂದೂ ಒಂದು ರಾಜ್ಯದಷ್ಟು ದೊಡ್ಡವು. ಜನ ಹೆಚ್ಚಿದಂತೆ ಅವುಗಳನ್ನು ಸೀಳುತ್ತಾ ಹೋದರು. ಸೀಳಿದಾಗ ನೆಲ ಹೊಸ ಕೌಂಟಿಗೆ ಹೋಗುತ್ತದೆ, ಹಳೆಯ ಕಾಗದ ಹಳೆಯ ಕೋರ್ಟಿನಲ್ಲೇ ಉಳಿಯುತ್ತದೆ. ಮನೆ ಬಿಟ್ಟು ಕದಲದ ಮನುಷ್ಯ ಒಂದು ಕೌಂಟಿಯಲ್ಲಿ ಹುಟ್ಟಿ, ಇನ್ನೊಂದರಲ್ಲಿ ಮದುವೆಯಾಗಿ, ಮೂರನೆಯದರಲ್ಲಿ ಸಾಯಬಹುದು. ಸತ್ತ ಮೇಲೂ ಅವನ ಸಮಾಧಿ ನಾಲ್ಕನೆಯದಕ್ಕೆ ಹೋಗಬಹುದು. ನನಗೆ ಇದು ಮೊದಲು ತಮಾಷೆಯಾಗಿ ಕಂಡಿತ್ತು.

ನನ್ನ ಪಾಲಿಗೆ ಬಂದದ್ದು ವರ್ಜೀನಿಯಾದ ಒಂದು ಕೌಂಟಿ. ಇಂಗ್ಲೆಂಡಿನ ರಾಜಮನೆತನದ ಯಾರದೋ ಹೆಸರು ಅದಕ್ಕೆ. ಸ್ವಾತಂತ್ರ್ಯ ಬಂದ ಮೇಲೆ ಆ ಹೆಸರು ಯಾರಿಗೂ ಬೇಡವಾಗಿ ಬದಲಿಸಿದರು. ಅಷ್ಟರೊಳಗೆ ಅದರಿಂದ ಎರಡು ಹೊಸ ಕೌಂಟಿಗಳನ್ನು ಸೀಳಿಯಾಗಿತ್ತು, ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ಉಳಿದ ದಕ್ಷಿಣದ ತುಂಡು ಹೊಸ ಹೆಸರಿನಲ್ಲಿ ಈಗಲೂ ಇದೆ. ನಾನು ಅದನ್ನು ತಾಯಿ ಕೌಂಟಿ ಎನ್ನುತ್ತಿದ್ದೆ.

ಅವನ್ನು ಸೀಳಿದ ಕಾಯಿದೆಗಳ ನಕಲನ್ನು ಗ್ರಂಥಾಲಯದಿಂದ ತರಿಸಿಕೊಂಡೆ. ಪೂರ್ವದ ಕೌಂಟಿಗೆ ಒಂದು ಹಳ್ಳದ ಪೂರ್ವಕ್ಕಿರುವ ನೆಲವೆಲ್ಲ. ಪಶ್ಚಿಮದ್ದಕ್ಕೆ, ಆ ಹಳ್ಳದ ದಂಡೆಯ ಗಿರಣಿಯಿಂದ ದಿಕ್ಸೂಚಿ ಹಿಡಿದು ಇಂಥ ಕೋನದಲ್ಲಿ ಬೆಟ್ಟದವರೆಗೆ ಎಳೆದ ನೇರ ಗೆರೆ ಇದೆಯಲ್ಲ, ಅದರ ಪಶ್ಚಿಮದ್ದೆಲ್ಲ. ಹಳ್ಳವನ್ನು ಅದರ ತಿರುವು ತಿರುವಿಗೂ ಒತ್ತುತ್ತಾ ಎಳೆದೆ. ನೇರ ಗೆರೆಗೆ ಎರಡೇ ಒತ್ತು ಸಾಕಾಯಿತು. ಆಮೇಲೆ ಕೈಪಿಡಿ ಹೇಳಿದಂತೆ 'ಕ್ಲೀನ್' ಆಜ್ಞೆ ಕೊಟ್ಟೆ. ಬೇರೆ ಬೇರೆ ಕಡೆಯಿಂದ ತಂದ ಗೆರೆಗಳು ಎಂದೂ ಸರಿಯಾಗಿ ಕೂಡುವುದಿಲ್ಲ, ಮಧ್ಯೆ ಸಣ್ಣ ಸಣ್ಣ ಬಿರುಕು ಉಳಿಯುತ್ತವೆ. ಕ್ಲೀನ್ ಆ ಬಿರುಕುಗಳನ್ನು ಹುಡುಕಿ, ಪಕ್ಕದ ಕೌಂಟಿಗಳಲ್ಲಿ ಒಂದಕ್ಕೆ ಸೇರಿಸಿಬಿಡುತ್ತದೆ. ಎಷ್ಟು ದೊಡ್ಡ ಬಿರುಕಿನವರೆಗೆ ಮುಚ್ಚಬೇಕು ಎಂಬ ಅಳತೆಯನ್ನು ಹಿಂದಿನವನು ಇಟ್ಟುಹೋಗಿದ್ದ. ಇಡೀ ದೇಶದ ನಕ್ಷೆಗೆ ಅದೇ ಅಳತೆ. ಕಾಫಿ ತರುವಷ್ಟರಲ್ಲಿ ಮುಗಿದಿತ್ತು. ಮೂರು ಕೌಂಟಿ, ಮೂರು ಬಣ್ಣ, ಎಲ್ಲೂ ಒಂದು ತೂತಿಲ್ಲ.

ಗುರುವಾರಗಳಂದು ಕಂಪನಿ ಹೊರಗಿನವರನ್ನು ಕರೆಸಿ, ಸ್ಯಾಂಡ್‌ವಿಚ್ ಕೊಟ್ಟು, ವೆಬ್‌ಸೈಟ್ ಬಳಸಲು ಹೇಳುತ್ತಿತ್ತು. ಅವರ ಹಿಂದೆ ನಿಂತು ಎಲ್ಲಿ ಎಡವುತ್ತಾರೆ ಎಂದು ನೋಡುವುದು ನನ್ನ ಕೆಲಸ. ಅಂಥ ಒಂದು ಗುರುವಾರ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಒಬ್ಬ ನಿವೃತ್ತ ನರ್ಸು ಬಂದರು. ಕಪ್ಪು ಜನಾಂಗದ ಹಿರಿಯ ಹೆಂಗಸು, ಬಿಳಿ ಕೂದಲು, ಸರಪಳಿ ಕಟ್ಟಿ ಕುತ್ತಿಗೆಗೆ ತೂಗುಹಾಕಿದ ಕನ್ನಡಕ. ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಅವರ ಮಾತು ನನ್ನ ಕಿವಿಯಲ್ಲಿ ಉಳಿದಂತೆ ಇಲ್ಲಿ ಬರೆಯುತ್ತಿದ್ದೇನೆ.

ಅವರು ಹಳ್ಳದ ಹೆಸರು ಒತ್ತಿದರು. ಪಶ್ಚಿಮದ ಕೌಂಟಿ ಎಂದು ಬಂತು. ಕೈ ಕಟ್ಟಿ ಹಿಂದಕ್ಕೆ ಒರಗಿದರು.

"ನಿಮ್ಮ ನಕ್ಷೆ ಸುಳ್ಳು ಹೇಳ್ತಿದೆ, ಮಗಳೇ."

"ಯಾಕೆ ಹಾಗಂತೀರಿ?"

"ಪಶ್ಚಿಮದ ಕೋರ್ಟಿಗೆ ಕಾಗದ ಬರೆದೆ. ಆ ಕುಟುಂಬದ ಜಮೀನು ನಮ್ಮಲ್ಲಿಲ್ಲ, ಪೂರ್ವದವರನ್ನ ಕೇಳಿ ಅಂದ್ರು. ಪೂರ್ವದವರು ಪಶ್ಚಿಮದವರನ್ನ ಕೇಳಿ ಅಂದ್ರು. ನಾನು ಮೂವತ್ತು ವರ್ಷ ಆಸ್ಪತ್ರೇಲಿ ಕೆಲಸ ಮಾಡಿದವಳು, ಒಂದು ವಾರ್ಡಿಂದ ಇನ್ನೊಂದಕ್ಕೆ ರೋಗೀನ ತಳ್ಳೋದು ಹೇಗೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ."

ಅವರು ಹುಡುಕುತ್ತಿದ್ದದ್ದು ಒಂದು ಸ್ಮಶಾನ. ಅವರ ಅಜ್ಜಿಯ ತಾಯಿ, ಆಕೆಯ ಒಡಹುಟ್ಟಿದವರು, ಅವರ ಹಿಂದಿನವರು ಒಂದು ಹೊಗೆಸೊಪ್ಪಿನ ತೋಟದಲ್ಲಿ ಗುಲಾಮರಾಗಿದ್ದರು. ಸತ್ತಾಗ ಅಲ್ಲೇ ಕಾಡಿನಂಚಿನಲ್ಲಿ ಹೂಳುತ್ತಿದ್ದರು. ತೋಟ ಪಾಳುಬಿದ್ದು ಕಾಡಾಯಿತು. ಈಗ ಅಲ್ಲಿ ಹೆದ್ದಾರಿ ಅಗಲ ಮಾಡುತ್ತಿದ್ದಾರೆ. ಸ್ಮಶಾನ ಇದೆ ಎನ್ನುವುದಕ್ಕೆ ಹಳೆಯ ಕೋರ್ಟಿನ ಯಾವುದಾದರೂ ಆಧಾರ ತೋರಿಸಿ, ಜಾಗ ತೋರಿಸಿ, ಆಗ ರಸ್ತೆ ತಿರುಗಿಸುವ ಮಾತಾಡೋಣ, ಇಲ್ಲದಿದ್ದರೆ ಚಳಿಗಾಲ ಮುಗಿಯುವ ಮೊದಲೇ ಬುಲ್ಡೋಜರ್ ಬರುತ್ತದೆ ಎಂದು ರಸ್ತೆಯವರು ಹೇಳಿದ್ದರು.

"ನಿಮ್ಮ ಅಜ್ಜಿ ಯಾವ ಕೌಂಟಿ ಅಂತ ಹೇಳ್ತಿದ್ರು?" ಎಂದು ಕೇಳಿದೆ.

ಅವರು ನಕ್ಕರು. "ಅಜ್ಜಿ ಹೇಳ್ತಿದ್ಳು: ಈ ಕಡೆ ಶೆರೀಫ್ ಬಂದ್ರೆ ಆ ಕಡೆಯವ್ರು ಅನ್ನಿ, ಆ ಕಡೆ ಶೆರೀಫ್ ಬಂದ್ರೆ ಈ ಕಡೆಯವ್ರು ಅನ್ನಿ. ಇಬ್ಬರೂ ನಂಬ್ತಿದ್ರಂತೆ."

ಮನೆಗೆ ಹೋಗುವಾಗ ಸ್ಯಾನ್ ಮಟೇಯೊ ಸೇತುವೆಯ ಮೇಲೆ ಟ್ರಾಫಿಕ್ ನಿಂತಿತ್ತು. ಕೊಲ್ಲಿಯ ಮೇಲೆ ಮಂಜು ಇಳಿದು ಎರಡೂ ದಡ ಕಾಣುತ್ತಿರಲಿಲ್ಲ. ನೀರಿನ ನಡುವೆಯೇ ಎಲ್ಲೋ ಒಂದು ಕೌಂಟಿ ಮುಗಿದು ಇನ್ನೊಂದು ಶುರುವಾಗುತ್ತದೆ. ಇಬ್ಬರೂ ಹೇಗೆ ನಂಬುತ್ತಿದ್ದರು ಎಂದು ಯೋಚಿಸುತ್ತಾ ಕೂತೆ. ಶೆರೀಫ್ ಎಂದರೆ ಕೌಂಟಿಯ ಪೊಲೀಸು; ಆ ಕಡೆಯವರು ಎಂದಾಗ ಅವನು ಯಾಕೆ ಸುಮ್ಮನೆ ಹೋಗುತ್ತಿದ್ದ? ಅವನ ಗಡಿ ಅಲ್ಲಿಗೆ ಮುಗಿಯುತ್ತಿತ್ತು ಅಂತಲೇ? ಇಬ್ಬರದ್ದೂ ಮುಗಿಯುತ್ತಿತ್ತು ಅಂತಲೇ?

ಮರುದಿನ ಕ್ಲೀನ್ ಮಾಡುವ ಮೊದಲಿನ ಗೆರೆಗಳನ್ನು ತೆರೆದೆ. ಗಿರಣಿಯಿಂದ ನೇರ ಗೆರೆ ಮೇಲಕ್ಕೆ ಹೋಗುತ್ತಿತ್ತು. ಹಳ್ಳ ಅದರ ಪೂರ್ವಕ್ಕೆ ಬಾಗಿ, ಬಹಳ ದೂರ ಸುತ್ತಿ, ಬೆಟ್ಟದ ಬುಡದಲ್ಲಿ ಮತ್ತೆ ಗೆರೆಯ ಬಳಿ ಬಂದಿತ್ತು. ಎರಡರ ಮಧ್ಯೆ ಬೆಳ್ಳುಳ್ಳಿ ಎಸಳಿನ ಆಕಾರದ ಒಂದು ತುಂಡು ನೆಲ. ಪೂರ್ವದ ಕಾಯಿದೆ ಹಳ್ಳದ ಈಚೆ ಬಂದಿಲ್ಲ, ಪಶ್ಚಿಮದ ಕಾಯಿದೆ ಗೆರೆಯ ಆಚೆ ಹೋಗಿಲ್ಲ. ಬಿಳಿಯ ತೆರೆಯ ಮೇಲೆ ಅದು ಬಣ್ಣವಿಲ್ಲದೆ ಬಿದ್ದಿತ್ತು. ದೇಶದಳತೆಗೆ ಕೂದಲೆಳೆ, ಅಲ್ಲಿದ್ದವರಿಗೆ ಹಲವು ತೋಟಗಳಷ್ಟು ನೆಲ.

ಸಂತೋಷಪಡುವ ಮೊದಲು ಅನುಮಾನ ಬಂತು. ಇದು ನಿಜವಾದ ನೆಲವೋ, ನನ್ನ ಕೈತಪ್ಪೋ? ಆ ಗೆರೆಯನ್ನು ನಾನು ಇವತ್ತಿನ ಉತ್ತರ ದಿಕ್ಕು ಹಿಡಿದು ಎಳೆದಿದ್ದೆ. ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರ ಕಾಲ ಕಾಲಕ್ಕೆ ಸರಿಯುತ್ತಾ ಹೋಗುತ್ತದೆ. ಕಾಯಿದೆಯವರ ಉತ್ತರ ಬೇರೆ ಕಡೆ ಇತ್ತು. ಹಿಂದಿನ ಕಾಲದ ಮುಳ್ಳಿನ ವಾಲು ಹೇಳುವ ಪಟ್ಟಿಗಳನ್ನು ಭೂವಿಜ್ಞಾನದವರು ಇಟ್ಟಿರುತ್ತಾರೆ. ಹುಡುಕಿ ತೆಗೆದು, ಗಿರಣಿಯ ಬಿಂದುವನ್ನು ಹಿಡಿದುಕೊಂಡು ಗೆರೆಯನ್ನು ತಿರುಗಿಸಿದೆ. ಎಸಳು ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ. ಒಂದು ತುದಿ ಸ್ವಲ್ಪ ಸಣ್ಣಗಾಯಿತು, ಅಷ್ಟೆ. ಅದು ಅಲ್ಲೇ ಇತ್ತು.

ಲೀಡನ್ನು ಕರೆದು ತೋರಿಸಿದೆ. ಅವರು ಬರುವ ದಾರಿಯಲ್ಲಿ ಖಾಲಿ ಕ್ಯೂಬಿಕಲ್ ಒಂದರಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಆ ದಿನಗಳಲ್ಲಿ ಹಾಗೇ. ಹೋದವರ ಮೇಜಿನ ಮೇಲೆ ಅವರ ಕಪ್ಪು, ಮಕ್ಕಳ ಫೋಟೋ ಅಂಟಿಸಿದ್ದ ಟೇಪಿನ ಗುರುತು, ಯಾರೂ ಎತ್ತದ ಫೋನು. ಅದು ನಿಂತ ಮೇಲೆ ಅವರು ತೆರೆಯ ಕಡೆ ಬಗ್ಗಿದರು.

"ಚೆನ್ನಾಗಿದೆ. ಪಶ್ಚಿಮಕ್ಕೇ ಇರ್ಲಿ ಬಿಡು," ಎಂದರು.

"ಅದು ಪಶ್ಚಿಮದ್ದಲ್ಲ ಸರ್."

"ಪೂರ್ವಕ್ಕೆ ಹಾಕು."

"ಪೂರ್ವದ್ದೂ ಅಲ್ಲ."

"ನೋಡಮ್ಮಾ. ಇನ್ನೆರಡು ವಾರಕ್ಕೆ ಡೆಮೋ. ದುಡ್ಡು ಹಾಕೋರು ಬಂದು ಇಲ್ಲೇ ಕೂತ್ಕೋತಾರೆ. ನಮ್ ಪ್ರೋಗ್ರಾಮಿಗೆ ಒತ್ತಿದ ಜಾಗಕ್ಕೆ ಒಂದು ಕೌಂಟಿ ಬೇಕೇ ಬೇಕು. ಖಾಲಿ ಸಿಕ್ರೆ ಎರರ್ ಪೇಜು ಬರತ್ತೆ. ಒಂದು ಎರರ್ ಪೇಜು ಬಂದ್ರೆ ಈ ಉಳಿದಿರೋ ಫೋನುಗಳೂ ಹಿಂಗೇ ಹೊಡ್ಕೋತವೆ. ಆ ಕಾಡಲ್ಲಿ ಹೋಗಿ ಯಾರು ಒತ್ತುತ್ತಾರೆ, ಹೇಳು?"

"ಆ ನರ್ಸಮ್ಮ ಒತ್ತಿದ್ರಲ್ಲ."

ಅವರಿಗೆ ಸಿಟ್ಟು ಬಂತು, ತಡೆದುಕೊಂಡರು. "ನಿನಗೂ ವೀಸಾ ಇದೆ, ನನಗೂ ವೀಸಾ ಇದೆ. ಕೆಲಸ ಹೋದ್ರೆ ಅದೂ ಹೋಗತ್ತೆ. ಪಶ್ಚಿಮಕ್ಕೆ ಸೇರ್ಸಿಬಿಡು," ಎಂದು ಹೋದರು.

ಸೇರಿಸಿದೆ ಎಂದೇ ಇಟ್ಟುಕೊಳ್ಳಿ. ಅಂದರೆ, ಇದ್ದದ್ದನ್ನು ಹಾಗೇ ಬಿಟ್ಟೆ. ಆದರೆ ಪಶ್ಚಿಮದ ಹಸಿರು ಬಣ್ಣ ನೋಡಿದಾಗಲೆಲ್ಲ ಅದರೊಳಗೆ ಎಸಳಿನ ಅಂಚು ನನಗೆ ಕಾಣುತ್ತಿತ್ತು. ಬಣ್ಣ ಬಳಿದ ಗೋಡೆಯಲ್ಲಿ ಮುಚ್ಚಿದ ಬಾಗಿಲಿನ ಆಕಾರ ಕಂಡಹಾಗೆ. ಅಕ್ಕಪಕ್ಕದ ಕೌಂಟಿಗಳ ಜನ ಆ ಬಾಗಿಲಿನ ಮುಂದೆಯೇ ಓಡಾಡುತ್ತಿದ್ದರು, ಒಳಗಿದ್ದವರು ಯಾರಿಗೂ ಕೇಳಿಸುತ್ತಿರಲಿಲ್ಲ ಎನಿಸುತ್ತಿತ್ತು.

ನಾನಿದ್ದದ್ದು ಯೂನಿಯನ್ ಸಿಟಿಯಲ್ಲಿ, ಅಕ್ಕ ಭಾವನ ಅಪಾರ್ಟ್‌ಮೆಂಟಿನಲ್ಲಿ. ನಮ್ಮದು ಮಂಡ್ಯದ ಕಡೆ. ಆ ಭಾನುವಾರ ಅಕ್ಕ ಹಿರಿಯರ ಹಬ್ಬ ಮಾಡಿದಳು. ಅಮಾವಾಸ್ಯೆ ವಾರದ ನಡುವೆ ಇತ್ತು, ಭಾವನಿಗೆ ರಜೆ ಇರಲಿಲ್ಲ, ಹಾಗಾಗಿ ಹಿರಿಯರೂ ಅಮೆರಿಕದ ಭಾನುವಾರಕ್ಕೆ ಹೊಂದಿಕೊಳ್ಳಬೇಕಾಯಿತು. ಫಿಲಿಪಿನೋ ಅಂಗಡಿಯಿಂದ ತಂದ ಬಾಳೆ ಎಲೆ ಹಾಸಿ, ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ ಬಡಿಸಿ, ತಾತನಿಗೆ ಪಂಚೆ, ಅಜ್ಜಿಗೆ ಸೀರೆ ಇಟ್ಟು ಎಡೆ ಹಾಕಿದಳು. ಬೀಡಿ ಸಿಗದೆ ಸಿಗರೇಟು. ಧೂಪ ಹಾಕುವ ಮೊದಲು ಭಾವ ಕುರ್ಚಿ ಹತ್ತಿ ಸ್ಮೋಕ್ ಅಲಾರಮ್ಮಿನ ಬ್ಯಾಟರಿ ಕಿತ್ತರು.

"ಹೋದ್ ವರ್ಸ ಫೈರ್ ಎಂಜಿನ್ ಬಂದಿತ್ತಲ್ಲ, ನಿಮ್ ತಾತ ಎದ್ದು ಓಡೋದ್ರಂತೆ, ಅರ್ಧ ಮುದ್ದೇಲಿ," ಎಂದರು ಭಾವ.

"ಸುಮ್ಕಿರಿ, ಹಿರೀಕ್ರ ಮುಂದೆ," ಎಂದಳು ಅಕ್ಕ, ನಗು ತಡೆದುಕೊಂಡು.

ಎಡೆ ಇಟ್ಟ ಕೋಣೆಯ ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ನಿಂತೆವು. ಅವರು ಉಣ್ಣುವವರೆಗೆ ಹಾಗೆ ನಿಲ್ಲಬೇಕು. ಆಗ ಅಕ್ಕನ ಮಗಳು ಅಪಾರ್ಟ್‌ಮೆಂಟಿನ ಮುಂಬಾಗಿಲ ಹತ್ತಿರ ಇನ್ನೊಂದು ಎಲೆಯನ್ನು ನೋಡಿದಳು. ಅದರ ಮೇಲೂ ಎಲ್ಲ ಬಡಿಸಿತ್ತು.

"ಹೂ ಈಸ್ ದಟ್ ಫಾರ್?"

"ಎಡೆ ಇಡೋರು ಯಾರೂ ಇಲ್ದೋರ್ಗೆ ಕಂದ," ಎಂದಳು ಅಕ್ಕ.

"ದೆನ್ ವೈ ಈಸ್ ಇಟ್ ಬೈ ದ ಶೂಸ್?"

ಭಾವ ಜೋರಾಗಿ ನಕ್ಕರು. "ಹೇಳು ಈಗ, ನಿನ್ ಮಗ್ಳಿಗೆ ಉತ್ರ."

ಅಕ್ಕ ಸ್ವಲ್ಪ ಯೋಚಿಸಿದಳು. "ನಮ್ಮವ್ವ ಹಂಗೇ ಇಡ್ತಿದ್ಲು. ಅವ್ರು ಬ್ಯಾರೆ ಮನೆಯೋರು ಕಣವ್ವ. ಪಾಪ ಅಂತ ಒಳಕ್ ಕರ್ದು ನಮ್ಮೋರ್ ಜೊತೆ ಕೂರ್ಸ್ಕಂಡ್ರೆ, ಅವ್ರ ಮನೆಯೋರು ಯಾವತ್ತಾದ್ರೂ ಹುಡಿಕ್ಕಂಡು ಬಂದಾಗ ಸಿಗಾಕಿಲ್ಲ. ಅದ್ಕೇ ಕಾಣಂಗೆ ಬಾಗ್ಲತಾವ ಇಡಾದು. ಹಸ್ಕಂಡೂ ಇರ್ಬಾರ್ದು, ಕಳ್ದೂ ಹೋಗ್ಬಾರ್ದು."

ಮಗುವಿಗೆ ಎಷ್ಟು ಅರ್ಥವಾಯಿತೋ. ಚಪ್ಪಲಿಗಳನ್ನು ಮಾತ್ರ ಒಂದೊಂದಾಗಿ ಎತ್ತಿ ದೂರ ಇಟ್ಟಳು. ನಾನು ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಆ ಎಲೆಯನ್ನೇ ನೋಡುತ್ತಿದ್ದೆ. ಪಶ್ಚಿಮದವರ ಸಾಲಿನಲ್ಲಿ ನಾನು ಯಾರನ್ನು ಕೂರಿಸಿ ಬಂದಿದ್ದೇನೆ ಎಂದು ಸ್ಪಷ್ಟವಾಯಿತು.

ಸೋಮವಾರ ಬೆಳಿಗ್ಗೆ ಲೀಡು ಕೋಟು ತೆಗೆಯುವ ಮೊದಲೇ ಹೋದೆ.

"ಖಾಲಿ ಬಿಡಲ್ಲ ಸರ್, ಎರರ್ ಬರಲ್ಲ. ಆದ್ರೆ ಪಶ್ಚಿಮಕ್ಕೂ ಹಾಕಲ್ಲ. ಎರಡು ಕಾಯಿದೆನೂ ಆ ತುಂಡನ್ನ ಕತ್ತರಿಸಿಲ್ಲ. ಕತ್ತರಿಸದೆ ಇದ್ದಿದ್ದು ಯಾರದ್ದು? ಮೊದಲಿಂದ ಯಾರದ್ದೋ ಅವರದ್ದೇ. ಅದು ತಾಯಿ ಕೌಂಟಿದು."

"ಆ ಕೌಂಟಿ ಇಲ್ವಲ್ಲಮ್ಮಾ. ಹೆಸರೇ ಹೋಯ್ತಲ್ಲ."

"ಹೆಸರು ಹೋಯ್ತು, ಕೋರ್ಟು ಇದೆ. ದಕ್ಷಿಣದಲ್ಲಿ."

ಅವರು ಕೋಟು ಅರ್ಧ ತೋಳಿನಲ್ಲೇ ನಿಂತರು. "ಅಂದ್ರೆ ಈ ತುಂಡು ಇಲ್ಲಿ ಒಂಟಿಯಾಗಿ, ತಾಯಿ ಅಲ್ಲಿ ಕೆಳಗೆ. ನಮ್ ಟೇಬಲ್ಲಲ್ಲಿ ಒಂದು ಕೌಂಟಿಗೆ ಒಂದೇ ತುಂಡು. ಅದನ್ನ ಬರೆದೋನು ಹೋದ, ಗೊತ್ತಲ್ಲ."

"ನಾನು ಬದಲಾಯಿಸ್ತೀನಿ."

"ಡೇಟಾಬೇಸ್ ಬರತ್ತಾ ನಿನಗೆ?"

"ಈ ವಾರ ಕಲೀತೀನಿ."

"ಶಾನುಭೋಗ್ರು ಅಮಲ್ದಾರ್ ಆಗೋಕೆ ಹೊರಟ್ರು," ಎಂದು ಕುರ್ಚಿಯಲ್ಲಿ ಕೂತರು. ಆಮೇಲೆ, "ಹಳೇ ಕಾಪಿ ಒಂದು ತೆಗೆದಿಡು. ಶುಕ್ರವಾರದೊಳಗೆ ಆಗ್ಲಿಲ್ಲ ಅಂದ್ರೆ ಹಳೇದೇ ಹಾಕ್ತೀನಿ. ಅಳಬೇಡ ಆಮೇಲೆ," ಎಂದರು.

ಒಂದು ಕೌಂಟಿ ಒಂದು ಸಾಲು ಎಂಬುದನ್ನು ಒಡೆದು, ಹೆಸರಿಗೊಂದು ಟೇಬಲ್, ತುಂಡುಗಳಿಗೊಂದು ಟೇಬಲ್ ಮಾಡಬೇಕಿತ್ತು. ಮೊದಲ ಸಲ ಮಾಡಿದಾಗ ಮೂರು ರಾಜ್ಯಗಳ ಎಲ್ಲ ದ್ವೀಪಗಳೂ ಕಣ್ಮರೆಯಾದವು. ಎರಡನೆಯ ಸಲ ದ್ವೀಪಗಳು ಬಂದವು, ಕಾಲ ಹೋಯಿತು. ಯಾವ ವರ್ಷ ಒತ್ತಿದರೂ ಬ್ರಿಟಿಷರೇ ಆಳುತ್ತಿದ್ದರು. ಲೀಡು ಹಿಂದೆ ನಿಂತು ನೋಡಿ, ಮಾತಿಲ್ಲದೆ ಕೀಲಿಮಣೆ ಎಳೆದುಕೊಂಡು ಎರಡು ಸಾಲು ತಿದ್ದಿದರು. ವರ್ಷಗಳನ್ನು ಮೊದಲಿನಿಂದ ಒಂದೊಂದಾಗಿ ಒತ್ತುತ್ತಾ ಬಂದೆ. ತಾಯಿ ಕೌಂಟಿ ತನ್ನ ದೊಡ್ಡ ಮೈಯನ್ನು ಕಳೆದುಕೊಳ್ಳುತ್ತಾ ದಕ್ಷಿಣಕ್ಕೆ ಕುಗ್ಗಿತು, ಹಳೆಯ ಹೆಸರು ಕಳೆದುಕೊಂಡಿತು. ಉತ್ತರದಲ್ಲಿ, ಇಬ್ಬರು ಮಕ್ಕಳ ನಡುವೆ, ಅದರದೇ ಬಣ್ಣದ ಒಂದು ಎಸಳು ಹಾಗೇ ಉಳಿಯಿತು.

ಡೆಮೋಗೆ ಬಂದವರು ಅವರವರ ಊರು ಒತ್ತಿ ನೋಡಿ, ಚೆನ್ನಾಗಿದೆ ಎಂದು, ಕಾಫಿ ಕುಡಿದು ಹೋದರು. ವರ್ಜೀನಿಯಾದ ಕಡೆ ಯಾರೂ ಸುಳಿಯಲಿಲ್ಲ. ದುಡ್ಡೂ ಬರಲಿಲ್ಲ.

ನರ್ಸಮ್ಮನಿಗೆ ಫೋನು ಮಾಡಿ ದಕ್ಷಿಣದ ಕೋರ್ಟಿಗೆ ಬರೆಯಿರಿ ಎಂದೆ. ಅವರು ಬರೆಯಲಿಲ್ಲ, ಫೋನು ಮಾಡಿ, ಉತ್ತರ ಸಿಗುವವರೆಗೆ ದಿನಾ ಮಾಡುತ್ತಲೇ ಇದ್ದರು. ಕೊನೆಗೆ ಆ ತೋಟವನ್ನು ಅಳೆದ ಸರ್ವೆಯ ಚಿತ್ರವೊಂದರ ನಕಲು ಅವರ ಕೈ ಸೇರಿತು. ಅಂಚಿನಲ್ಲಿ ಸಣ್ಣ ಚೌಕ, ಪಕ್ಕದಲ್ಲಿ ಹೂಳುವ ಜಾಗ ಎಂಬ ಬರಹ, ಹಳ್ಳದ ತಿರುವಿನ ಬಂಡೆಯಿಂದ ಇಷ್ಟು ಕೋನ, ಇಷ್ಟು ದೂರ. ಆಧಾರ ಸಿಕ್ಕಿತು. ಜಾಗ ತೋರಿಸುವುದು ಉಳಿಯಿತು. ಕೋನವನ್ನು ತಿರುಗಿಸಿ, ಹಳೆಯ ಅಳತೆಯ ದೂರವನ್ನು ಮೀಟರಿಗೆ ತಂದು, ಅಕ್ಷಾಂಶ ರೇಖಾಂಶ ಮಾಡಿ ಕೊಟ್ಟೆ. ಅವರು ತಮ್ಮ ಅಣ್ಣನ ಮಗನ ಜೊತೆ ವರ್ಜೀನಿಯಾಗೆ ಹೊರಟರು.

ಅವರು ಕಾಡಿಗೆ ಹೋದ ದಿನವೇ ನಮ್ಮ ಕಂಪನಿಯ ಕೊನೆಯ ದಿನವೂ ಆಯಿತು. ಬೆಳಿಗ್ಗೆ ಸಾಮಾನು ಸಾಗಿಸುವವರು ಬಂದು ಕುರ್ಚಿಗಳನ್ನು ಲಾರಿಗೆ ಹಾಕುತ್ತಿದ್ದರು. ಗೋಡೆಗೆ ಒರಗಿಸಿದ ಡಿಜಿಟೈಸರ್ ಹಲಗೆಗೆ ಹಳದಿ ಚೀಟಿ ಅಂಟಿಸಿ ಆಗಿತ್ತು. ನನ್ನ ಕಂಪ್ಯೂಟರೊಂದೇ ಚಾಲೂ ಇತ್ತು.

ಫೋನು ಬಂತು, ಸ್ಪೀಕರಿಗೆ ಹಾಕಿದೆ. ಗಾಳಿಯ ಸದ್ದು, ಒಣ ಎಲೆ ತುಳಿಯುವ ಸದ್ದು.

"ನೀನು ಹೇಳಿದ ಜಾಗದಲ್ಲೇ ಇದೀವಿ ಮಗಳೇ. ಇಲ್ಲಿ ಮುಳ್ಳುಪೊದೆ ಬಿಟ್ರೆ ಏನೂ ಇಲ್ಲ. ರಸ್ತೆಯ ಸರ್ವೇಯರ್ ಗಡಿಯಾರ ನೋಡ್ತಿದಾನೆ."

ಅಣ್ಣನ ಮಗ ಕೈಯಲ್ಲಿದ್ದ ಜಿಪಿಎಸ್ಸಿನ ಅಂಕೆಗಳನ್ನು ಓದಿದ. ತೆರೆಯ ಮೇಲೆ ಚುಕ್ಕೆ ಇಟ್ಟೆ. ನಾನು ಹೇಳಿದ ಜಾಗವೇ. ಚಿತ್ರದ ನಕಲನ್ನು ಮತ್ತೆ ಎಳೆದುಕೊಂಡೆ. ಕೋನ ಸರಿ, ದೂರ ಸರಿ. ಲೀಡು ಹೆಗಲ ಮೇಲಿಂದ ಬಗ್ಗಿದರು.

"ಉತ್ತರ ಯಾವುದು ತಗೊಂಡೆ?"

"ಗಡಿ ಗೆರೆಗೆ ತಗೊಂಡಿದ್ದೇ."

"ಗೆರೆ ಎಳೆದಿದ್ದು ಯಾವಾಗ, ಈ ಚಿತ್ರ ಬರೆದಿದ್ದು ಯಾವಾಗ?"

ಚಿತ್ರ ಎರಡು ತಲೆಮಾರು ಈಚಿನದು. ಅಷ್ಟರಲ್ಲಿ ಮುಳ್ಳು ಮತ್ತೆ ಸರಿದಿತ್ತು. ಹಳೆಯ ಸತ್ತವರ ಉತ್ತರವನ್ನು ಹೊಸ ಸತ್ತವರಿಗೆ ಹಚ್ಚಿದ್ದೆ. ಪಟ್ಟಿ ತೆಗೆದು, ಬಂಡೆಯ ಬಿಂದು ಹಿಡಿದು, ಗೆರೆ ತಿರುಗಿಸಿದೆ. ಚೌಕ ಹಳ್ಳದ ಕಡೆಗೆ ಸರಿಯಿತು.

"ಕೆಳಗೆ ಹೋಗಿ," ಎಂದೆ. "ಇಳಿಜಾರಿನಲ್ಲಿ, ನೀರಿನ ಕಡೆ. ನಿಮ್ಮ ಅಣ್ಣನ ಮಗ ಅಂಕೆ ಓದ್ತಾ ಇರ್ಲಿ."

ಸಿಗ್ನಲ್ ಹೋಯಿತು, ಬಂತು. ಅಂಕೆಗಳು ಬಂದವು. ಚುಕ್ಕೆ ಹಿಂದೆ ಚುಕ್ಕೆ ಎಸಳಿನೊಳಗೆ ಇಳಿಯುತ್ತಾ ಹೋಯಿತು. ಆಮೇಲೆ ಬೇರೆ ಯಾರದೋ ಧ್ವನಿ, ಸರ್ವೇಯರನದು, ದೂರದಿಂದ: ಎಲ್ಲ ಎಲೆ ಉದುರಿದೆ, ಅಲ್ಲಿ ನೆಲ ಯಾಕೆ ಹಸಿರಾಗಿದೆ? ಹಳೆಯ ಸಮಾಧಿಗಳ ಮೇಲೆ ನೆಡುತ್ತಿದ್ದ, ಚಳಿಗೂ ಒಣಗದ ಹಬ್ಬುಬಳ್ಳಿ ಒಂದಿದೆ ಎಂದು ನರ್ಸಮ್ಮ ನನಗೆ ಮೊದಲೇ ಹೇಳಿದ್ದರು. ಹೆಜ್ಜೆಯ ಸದ್ದು ನಿಂತಿತು.

"ಕಲ್ಲಿದೆ," ಎಂದರು ನರ್ಸಮ್ಮ. ಬಹಳ ಮೆಲ್ಲಗೆ. "ತಲೆಗೊಂದು, ಕಾಲಿಗೊಂದು. ಏನೂ ಬರೆದಿಲ್ಲ. ಫೋನ್ ಇಡಬೇಡ."

ಸಾಮಾನಿನವರು ಬಂದು ನನ್ನ ಮೇಜಿನ ಆಚೆ ತುದಿ ಹಿಡಿದರು. ಲೀಡು ಕೈ ಎತ್ತಿ ತಡೆದರು. "ಊಟ ಮಾಡ್ಕೊಂಡು ಬನ್ನಿ," ಎಂದು ಇಂಗ್ಲಿಷಿನಲ್ಲಿ ಹೇಳಿ, ಒಂದು ರಟ್ಟಿನ ಪೆಟ್ಟಿಗೆ ಎಳೆದುಕೊಂಡು ನನ್ನ ಪಕ್ಕ ಕೂತರು.

ಫೋನಿನಲ್ಲಿ ಸರ್ವೇಯರ್ ಹತ್ತಿರ ಬಂದ. ರಸ್ತೆ ಎಷ್ಟು ಬಗ್ಗಿಸಬೇಕೋ ನೋಡಬೇಕು, ಅಂಚಿನ ಕಲ್ಲುಗಳ ಅಂಕೆ ಕೊಡ್ತೀನಿ, ಸುತ್ತ ಒಂದು ಗೆರೆ ಎಳೆದು ಹೇಳ್ತೀರಾ ಎಂದು ಕೇಳಿದ. ಆಗಲಿ ಎಂದೆ. ಅಣ್ಣನ ಮಗ ಓದತೊಡಗಿದ, ಲೀಡು ಗಟ್ಟಿಯಾಗಿ ತಿರುಗಿ ಹೇಳಿದರು, ನಾನು ಒತ್ತಿದೆ. ಒಂದು ಕಲ್ಲು. ಪಕ್ಕದಲ್ಲಿ ಇನ್ನೊಂದು. ಆಚೆ ಮತ್ತೊಂದು. ಅಂಚು ಬಂತು ಎಂದುಕೊಂಡು ಗೆರೆ ಎಳೆಯಲು ಹೋದಾಗ ಅಣ್ಣನ ಮಗನ ಧ್ವನಿ ಇನ್ನೂ ದೂರದಿಂದ ಬಂತು.

"ತಾಳಿ, ಈ ಬಳ್ಳಿ ಇನ್ನೂ ಕೆಳಗೆ ಹೋಗಿದೆ. ಇಲ್ಲಿ ಇನ್ನೊಂದಿದೆ."

ಗೆರೆ ಅಳಿಸಿದೆ.

"ಇಲ್ಲಿ ಇನ್ನೊಂದು."